ದೊಡ್ಡ ಕಾಯಿಲೆಯ ಖರ್ಚು: ಯಾವ ನೆರವನ್ನು ಯಾವಾಗ ಕೇಳಬೇಕು

ಕ್ಯಾನ್ಸರ್, ಕಿಡ್ನಿ ವೈಫಲ್ಯ, ಹೃದಯದ ಆಪರೇಷನ್, ಪಾರ್ಶ್ವವಾಯು. ಇವುಗಳಲ್ಲಿ ಒಂದು ಮನೆ ಹೊಕ್ಕಿತೆಂದರೆ ಉತ್ತರ ಕನ್ನಡದ ಕುಟುಂಬ ಮೊದಲು ಮಾಡುವ ಕೆಲಸ ಗಾಡಿ ಗೊತ್ತುಮಾಡುವುದು. ಕುಮಟಾ, ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೋ ಮಂಗಳೂರಿಗೋ ಹೊರಡುತ್ತಾರೆ. ಕಾರವಾರದ ಕಡೆಯವರು ಗೋವಾಕ್ಕೆ, ಶಿರಸಿ-ಯಲ್ಲಾಪುರದವರು ಹುಬ್ಬಳ್ಳಿಗೆ. ಜಿಲ್ಲೆಗೊಂದು ಮಲ್ಟಿಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗಿಗೆ ವರ್ಷಗಳಾದವು. ಅದಾಗುವವರೆಗೆ ಇಲ್ಲಿಯವರಿಗೆ ಚಿಕಿತ್ಸೆಯ ಬಿಲ್ಲಿನ ಜೊತೆಗೆ ದಾರಿಖರ್ಚು, ಪರಊರಿನಲ್ಲಿ ಉಳಿಯುವ ಖರ್ಚು, ಜೊತೆಗೆ ಹೋದವರ ಕೂಲಿ ನಷ್ಟ, ಇಷ್ಟೂ ಸೇರಿಯೇ ಲೆಕ್ಕ.

ನೆರವು ಇಲ್ಲವೆಂದಲ್ಲ, ಸಾಕಷ್ಟಿದೆ. ಆದರೆ ಅದರಲ್ಲಿ ಬಹುಪಾಲು ಚಿಕಿತ್ಸೆಗೆ ಮುಂಚೆ ಕೇಳಿದವರಿಗೆ ಸಿಗುವಂಥದ್ದು. ಸಾಲ ಮಾಡಿ ದುಡ್ಡು ಕಟ್ಟಿ, ಡಿಸ್ಚಾರ್ಜ್ ಆಗಿ, ಬಿಲ್ಲು ಹಿಡಿದು ಬಂದವರಿಗೆ ಉಳಿಯುವ ದಾರಿ ಒಂದೋ ಎರಡೋ. ಆದ್ದರಿಂದ ಯಾವ ಯೋಜನೆ ಎನ್ನುವಷ್ಟೇ ಮುಖ್ಯ, ಯಾವ ಹಂತದಲ್ಲಿ ಕೇಳಬೇಕು ಎನ್ನುವುದು.

ಕಾರ್ಡು, ರೆಫರಲ್, ಮಂಜೂರಾತಿ

ಎಲ್ಲಕ್ಕಿಂತ ದೊಡ್ಡ ಆಸರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಮತ್ತು ಕೇಂದ್ರದ ಆಯುಷ್ಮಾನ್ ಭಾರತ್ ಒಂದಾಗಿ ಆದ ಯೋಜನೆ ಇದು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಈ ಮೊತ್ತ ಇಡೀ ಕುಟುಂಬಕ್ಕೆ ಸೇರಿ, ತಲೆಗೆ ಇಷ್ಟೆಂದಲ್ಲ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಒಟ್ಟು ದರದ, ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ತಮಗೇನೂ ಸಿಗುವುದಿಲ್ಲ ಎಂದುಕೊಂಡು ಕೇಳದೇ ಇರುವ ಎಪಿಎಲ್ ಕುಟುಂಬಗಳೇ ಹೆಚ್ಚು. ಎರಡು ಲಕ್ಷದ ಪ್ಯಾಕೇಜಿನಲ್ಲಿ ಅರವತ್ತು ಸಾವಿರ ಉಳಿಯುವುದು ಸಣ್ಣ ಮಾತಲ್ಲ.

ಇದು ನಡೆಯುವ ಕ್ರಮ ಹೀಗೆ. ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು: ತಾಲ್ಲೂಕು ಆಸ್ಪತ್ರೆ, ಅಥವಾ ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಡಿ ಇರುವ ಜಿಲ್ಲಾ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇಲ್ಲವೆಂದು ವೈದ್ಯರು ಬರೆದ ಮೇಲೆ ಆನ್‌ಲೈನ್‌ನಲ್ಲಿ ರೆಫರಲ್ ಪತ್ರ ಹೊರಡುತ್ತದೆ. ಆ ಪತ್ರ ಹಿಡಿದು ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋದರೆ ಅಲ್ಲಿನ ಆರೋಗ್ಯ ಮಿತ್ರ (ರೋಗಿಗಳ ನೆರವಿಗೆ ಇರುವ ಯೋಜನೆಯ ಸಿಬ್ಬಂದಿ) ಅರ್ಹತೆ ನೋಡುತ್ತಾರೆ, ಆಸ್ಪತ್ರೆಯವರು ಪರೀಕ್ಷೆಯ ವರದಿಗಳೊಂದಿಗೆ ಟ್ರಸ್ಟಿಗೆ ಕೋರಿಕೆ ಕಳಿಸುತ್ತಾರೆ, ಮಂಜೂರಾತಿ ಬಂದ ಮೇಲೆ ಚಿಕಿತ್ಸೆ ಶುರು. ಕೆಲವು ಸರಳ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಗೇ ಮೀಸಲು, ಅವಕ್ಕೆ ರೆಫರಲ್ ಸಿಗುವುದಿಲ್ಲ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ, ನೇರ ದಾಖಲಾಗಬಹುದು.

ಎಡವುವುದು ಇಲ್ಲೇ. ಗಡಿಬಿಡಿಯಲ್ಲಿ ರೋಗಿಯನ್ನು ನಗದು ಕಟ್ಟುವವರೆಂದು ದಾಖಲು ಮಾಡಿಸಿ, ಎರಡು ದಿನ ಬಿಟ್ಟು ‘ನಮ್ಮದು ಬಿಪಿಎಲ್ ಕಾರ್ಡು’ ಎನ್ನುತ್ತಾರೆ. ಅಷ್ಟರಲ್ಲಿ ಆಪರೇಷನ್ ಮುಗಿದಿದ್ದರೆ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ, ಕಟ್ಟಿದ ಹಣವನ್ನು ಈ ಯೋಜನೆ ಹಿಂದಿರುಗಿಸುವುದಿಲ್ಲ. ದಾಖಲಾತಿ ಕೌಂಟರಿನಲ್ಲಿ ಹೆಸರು ಬರೆಸುವಾಗಲೇ ಆಯುಷ್ಮಾನ್ ಎಂದು ಹೇಳಿ, ಆರೋಗ್ಯ ಮಿತ್ರರನ್ನು ಕಂಡು, ಅವರು ನೋಂದಾಯಿಸಿಕೊಂಡರೆಂದು ಖಚಿತ ಮಾಡಿಕೊಂಡ ನಂತರವೇ ಮುಂದಿನ ಕೆಲಸ. ಕಾರ್ಡ್ ಇನ್ನೂ ಮಾಡಿಸಿಲ್ಲವಾದರೆ ಗಾಬರಿಯಾಗಬೇಕಿಲ್ಲ. ಆಧಾರ್ ಮತ್ತು ರೇಷನ್ ಕಾರ್ಡ್ ಮೇಲೆ ಅಲ್ಲೇ ಅರ್ಹತೆ ನೋಡುತ್ತಾರೆ.

ಇನ್ನೊಂದು ತೊಡಕು ಹೆಸರಿನದು. ಆಧಾರಿನಲ್ಲಿ ‘ಗಣಪತಿ ಸುಬ್ರಾಯ ಹೆಗಡೆ’, ರೇಷನ್ ಕಾರ್ಡಿನಲ್ಲಿ ‘ಗಣಪಯ್ಯ ಹೆಗಡೆ’ ಎಂದಿದ್ದರೆ ಕಂಪ್ಯೂಟರ್ ಒಪ್ಪುವುದಿಲ್ಲ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ ಇರುವುದು, ಮನೆ ಪಾಲಾದರೂ ಕಾರ್ಡು ಪಾಲಾಗದಿರುವುದು, ಇ-ಕೆವೈಸಿ ಮಾಡಿಸದೆ ಕಾರ್ಡು ತಡೆಹಿಡಿದಿರುವುದು, ಇವೆಲ್ಲ ಆಸ್ಪತ್ರೆಯಲ್ಲಿ ಗೊತ್ತಾದರೆ ತಡ. ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಈಗಲೂ ಬಳಕೆಯಲ್ಲಿರಬೇಕು, ಒಟಿಪಿ ಅದಕ್ಕೇ ಬರುತ್ತದೆ. ಬಿಪಿಎಲ್ ಕಾರ್ಡೇ ಇಲ್ಲದ ಅರ್ಹ ಕುಟುಂಬದವರು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ವೈದ್ಯರ ಪತ್ರ ಲಗತ್ತಿಸಿ, ವೈದ್ಯಕೀಯ ತುರ್ತು ಎಂದು ಕಾಣಿಸಿ ಅರ್ಜಿ ಕೊಟ್ಟು ಆದ್ಯತೆ ಕೇಳಬೇಕು.

ಪ್ಯಾಕೇಜಿನಲ್ಲಿ ಹಾಸಿಗೆ, ವೈದ್ಯರ ಶುಲ್ಕ, ಔಷಧಿ, ಪರೀಕ್ಷೆ, ರೋಗಿಯ ಊಟ ಎಲ್ಲ ಸೇರಿದೆ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿಯೂ ಸೇರಿದೆ. ಇದನ್ನು ಕೇಳಿ ಪಡೆಯಬೇಕು, ಕೇಳದಿದ್ದರೆ ಹೊರಗಿನ ಮೆಡಿಕಲ್ ಅಂಗಡಿಯ ಚೀಟಿ ಕೈಗೆ ಬರುತ್ತದೆ. ಪ್ಯಾಕೇಜಿನ ಒಳಗಿನದಕ್ಕೆ ದುಡ್ಡು ಕೇಳಿದರೆ ಜಗಳಕ್ಕೆ ಇಳಿಯಬೇಡಿ. ಯಾವುದಕ್ಕೆ, ಎಷ್ಟು ಎಂದು ಬರಹದಲ್ಲಿ ಕೊಡಿ ಎನ್ನಿ, ರಸೀದಿ ಇಟ್ಟುಕೊಳ್ಳಿ, ಆರೋಗ್ಯ ಮಿತ್ರರಿಗೆ ಹೇಳಿ, ಸಹಾಯವಾಣಿ 104 ಅಥವಾ 14555ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ.

ಗೋವಾದ ಮಾತು ಬೇರೆ. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಕಾರವಾರದವರಿಗೆ ಹತ್ತಿರ, ದಶಕಗಳಿಂದ ಹೋಗಿಬಂದ ಜಾಗ. ಆದರೆ 2018ರ ಜನವರಿಯಿಂದ ಗೋವಾದವರಲ್ಲದವರಿಗೆ ಅಲ್ಲಿ ಶುಲ್ಕವಿದೆ. ರಾಜ್ಯದ ಗಡಿ ದಾಟಿದ ಮೇಲೆ ನಿಮ್ಮ ಕಾರ್ಡು ನಡೆಯುತ್ತದೆಯೇ ಎಂಬುದನ್ನು 14555ಕ್ಕೆ ಕೇಳಿ, ಆಸ್ಪತ್ರೆಯ ಆಯುಷ್ಮಾನ್ ಕೌಂಟರಿನಲ್ಲೂ ವಿಚಾರಿಸಿಯೇ ದಾಖಲಾಗಬೇಕು.

ಎದೆನೋವಿಗೆ ಈ ಯಾವ ಲೆಕ್ಕವೂ ಬೇಡ. ಎದೆ ಹಿಂಡಿದಂತಾಗಿ ಬೆವರು ಬಂದ ರೋಗಿಯನ್ನು ಮೂರು ತಾಸು ಕಾರಿನಲ್ಲಿ ಕೂರಿಸಿಕೊಂಡು ಮಣಿಪಾಲಕ್ಕೆ ಓಡುವುದಕ್ಕಿಂತ 108ಕ್ಕೆ ಕರೆ ಮಾಡಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಒಯ್ಯುವುದು ಮೇಲು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಜಾರಿಯಲ್ಲಿರುವ ಆಸ್ಪತ್ರೆಗಳಲ್ಲಿ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರು ದೂರದಿಂದಲೇ ನೋಡಿ, ಬೇಕಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುತ್ತಾರೆ. ಹೊರಗೆ ಅದರ ಬೆಲೆ ಹತ್ತಾರು ಸಾವಿರ. ನಿಮ್ಮ ತಾಲ್ಲೂಕಿನಲ್ಲಿ ಈ ಸೌಲಭ್ಯ ಇದೆಯೇ ಎಂದು ಆರೋಗ್ಯವಾಗಿರುವಾಗಲೇ ತಿಳಿದುಕೊಂಡಿರಿ.

ಸೊಸೈಟಿ ಸದಸ್ಯರಿಗೆ ಯಶಸ್ವಿನಿ

ಈ ಜಿಲ್ಲೆಯಲ್ಲಿ, ಅದರಲ್ಲೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ, ಸೊಸೈಟಿಯ ಶೇರು ಇಲ್ಲದ ಮನೆ ವಿರಳ. ಎಪಿಎಲ್ ಕಾರ್ಡಿನ ಅಡಿಕೆ ಬೆಳೆಗಾರರಿಗೆ, ಸಹಕಾರ ಸಂಘದ ಸದಸ್ಯರಿಗೆಂದು ಇರುವ ಆರೋಗ್ಯ ಯೋಜನೆ ಯಶಸ್ವಿನಿಯೇ ನಿಜವಾದ ರಕ್ಷಣೆ. ನಡುವೆ ನಿಂತುಹೋಗಿದ್ದ ಈ ಯೋಜನೆ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂತು. ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದವರಿಗೆ 1,000 ಎಂದು ವಂತಿಗೆ ನಿಗದಿಯಾಯಿತು. ನಾಲ್ಕಕ್ಕಿಂತ ಹೆಚ್ಚು ಜನರಿದ್ದರೆ ತಲಾ 100 ಮತ್ತು 200 ರೂಪಾಯಿ ಸೇರಿಸಿ ಕಟ್ಟಬೇಕು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ.

ಇಲ್ಲೂ ಸಮಯದ್ದೇ ಮಾತು. ನೋಂದಣಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ. ಕಾಯಿಲೆ ಗೊತ್ತಾದ ಮೇಲೆ ಓಡಿಹೋದರೆ ಮುಂದಿನ ಸರದಿಗೆ ಕಾಯಬೇಕು. ಸೊಸೈಟಿಯ ಕಾರ್ಯದರ್ಶಿಯ ಬಳಿ ಈ ವರ್ಷದ ಕೊನೆಯ ದಿನ ಯಾವುದೆಂದು ಕೇಳಿ, ಮನೆಯ ಹಿರಿಯರ ಹೆಸರನ್ನು ಬಿಡದೆ ಸೇರಿಸಿ. ವಂತಿಗೆಯಲ್ಲಿ ಉಳಿಸಲೆಂದು ಎಪ್ಪತ್ತು ದಾಟಿದ ತಂದೆಯ ಹೆಸರು ಬಿಟ್ಟವರು ಆಮೇಲೆ ಪರಿತಪಿಸುತ್ತಾರೆ. ಯಶಸ್ವಿನಿಯ ತಿರುಳು ಶಸ್ತ್ರಚಿಕಿತ್ಸೆ. ಆದ್ದರಿಂದ ವೈದ್ಯರು ಹೇಳಿದ ಚಿಕಿತ್ಸೆ ಪಟ್ಟಿಯಲ್ಲಿದೆಯೇ ಎಂದು ಆಸ್ಪತ್ರೆಯ ಯಶಸ್ವಿನಿ ಕೌಂಟರಿನಲ್ಲಿ ಮೊದಲು ನೋಡಬೇಕು.

ಮೀನುಗಾರರ ಮನೆಗಳಲ್ಲಿ ತಮ್ಮ ಗುಂಪು ವಿಮೆ ಕಾಯಿಲೆಗೂ ಬರುತ್ತದೆಂಬ ತಪ್ಪು ತಿಳಿವಳಿಕೆ ಇದೆ. ಮತ್ಸ್ಯ ಸಂಪದ ಯೋಜನೆಯಡಿಯ ಗುಂಪು ವಿಮೆ ಅಪಘಾತಕ್ಕೆ ಮಾತ್ರ: ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 5 ಲಕ್ಷ, ಭಾಗಶಃ ಆದರೆ 2.5 ಲಕ್ಷ, ಆಸ್ಪತ್ರೆ ಸೇರಿದರೆ 25 ಸಾವಿರ. ಕ್ಯಾನ್ಸರಿಗೋ ಕಿಡ್ನಿಗೋ ಅದು ಬರುವುದಿಲ್ಲ. ಮೀನುಗಾರರ ಸಹಕಾರ ಸಂಘದ ಸದಸ್ಯತ್ವದ ಮೇಲೆ ಯಶಸ್ವಿನಿಗೆ ಸೇರುವುದು ಬೇರೆಯೇ ಕೆಲಸ, ಅದನ್ನೂ ಮಾಡಿಕೊಳ್ಳಬೇಕು.

ಪ್ಯಾಕೇಜು ಸಾಲದಾದಾಗ

ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ ಮತ್ತು ಮುಖ್ಯಮಂತ್ರಿ ಪರಿಹಾರ ನಿಧಿ ಎರಡನ್ನೂ ಜನ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ನಡೆಯುವ ಬಗೆ ಬೇರೆ ಬೇರೆ. ಪ್ರಧಾನಮಂತ್ರಿ ನಿಧಿ ಮುಂದೆ ಆಗಬೇಕಾದ ಚಿಕಿತ್ಸೆಗೆ. ಆಸ್ಪತ್ರೆ ಸರ್ಕಾರಿಯಾಗಿರಬೇಕು ಇಲ್ಲವೇ ನಿಧಿಯ ಪಟ್ಟಿಯಲ್ಲಿರಬೇಕು, ಹಣ ನೇರ ಆಸ್ಪತ್ರೆಗೆ ಹೋಗುತ್ತದೆ, ನಿಮ್ಮ ಖಾತೆಗೆ ಬರುವುದಿಲ್ಲ. ಬೇಕಾಗುವುದು ಆಸ್ಪತ್ರೆಯ ಮೊಹರಿರುವ ಅಂದಾಜು ವೆಚ್ಚದ ಪತ್ರ, ಕಾಯಿಲೆಯ ವಿವರ, ಆದಾಯ ಪ್ರಮಾಣಪತ್ರ, ವಾಸದ ದಾಖಲೆ, ಫೋಟೋ. ಸಂಸದರ ಕಚೇರಿಯ ಮೂಲಕ ಕಳಿಸಿದರೆ ಬೆನ್ನುಹತ್ತಿ ವಿಚಾರಿಸಲು ಒಂದು ಜಾಗ ಇರುತ್ತದೆ.

ಮುಖ್ಯಮಂತ್ರಿ ನಿಧಿಗೆ ಚಿಕಿತ್ಸೆ ಮುಗಿದ ಮೇಲೂ ಅರ್ಜಿ ಹಾಕಬಹುದು, ಹಾಗಾಗಿ ತಡವಾದವರಿಗೆ ಉಳಿಯುವ ದಾರಿಗಳಲ್ಲಿ ಇದು ಮುಖ್ಯ. ಮೂಲ ಬಿಲ್ಲುಗಳು, ಡಿಸ್ಚಾರ್ಜ್ ಸಾರಾಂಶ, ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಸೇರಿಸಬೇಕು. ಶಾಸಕರ ಶಿಫಾರಸು ಪತ್ರ ಜೊತೆಗಿದ್ದರೆ ಒಳ್ಳೆಯದು. ಪೂರ್ತಿ ಖರ್ಚು ಬರುತ್ತದೆಂದು ನೆಚ್ಚಿಕೊಳ್ಳಬೇಡಿ, ಸಿಗುವುದು ಒಂದು ಪಾಲು. ಮೂಲ ಬಿಲ್ಲುಗಳನ್ನು ಕಳಿಸುವ ಮುನ್ನ ಪ್ರತಿಯೊಂದರ ಜೆರಾಕ್ಸ್ ಇಟ್ಟುಕೊಳ್ಳುವುದನ್ನು ಮರೆಯಬಾರದು.

ಅಪರೂಪದ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿಯಡಿ 50 ಲಕ್ಷದವರೆಗೆ ನೆರವಿದೆ. ಅದಕ್ಕೆ ಗುರುತಿಸಲಾದ ಉತ್ಕೃಷ್ಟತಾ ಕೇಂದ್ರದಲ್ಲಿ ನೋಂದಾಯಿಸಬೇಕು, ಅಂಥದ್ದೊಂದು ಬೆಂಗಳೂರಿನಲ್ಲಿದೆ. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ದೊಡ್ಡ ಕಾಯಿಲೆಗಳ ಚಿಕಿತ್ಸೆಗೆ ಕಲ್ಯಾಣ ಮಂಡಳಿಯಿಂದ 2 ಲಕ್ಷದವರೆಗೆ ಸಿಗುತ್ತದೆ. ಅರ್ಜಿಗೆ ಕಾಲಮಿತಿ ಇದೆ, ಕಾರ್ಮಿಕ ಕಾರ್ಡಿನ ನವೀಕರಣ ತಪ್ಪಿದ್ದರೆ ತಿರಸ್ಕೃತವಾಗುತ್ತದೆ.

ಫೇಸ್‌ಬುಕ್, ವಾಟ್ಸ್ಆ್ಯಪ್‌ನಲ್ಲಿ ಮನವಿ ಹಾಕುವವರು ಸಾಧ್ಯವಾದಷ್ಟು ಮಟ್ಟಿಗೆ ಆಸ್ಪತ್ರೆಯ ಖಾತೆಯನ್ನೂ ರೋಗಿಯ ಐಪಿ ಸಂಖ್ಯೆಯನ್ನೂ (ಒಳರೋಗಿಯಾಗಿ ದಾಖಲಾದ ಸಂಖ್ಯೆ) ಕೊಡಿ. ಕೊಡುವವರಿಗೆ ನಂಬಿಕೆ ಬರುತ್ತದೆ. ನಿಧಿ ಕೊಡಿಸುತ್ತೇನೆಂದು ಕಮಿಷನ್ ಕೇಳುವವರನ್ನು ಮನೆಯೊಳಗೆ ಕರೆಯಬೇಡಿ, ಈ ಯಾವ ಅರ್ಜಿಗೂ ಶುಲ್ಕವಿಲ್ಲ.

ಹೋಗಿಬರುವ ಖರ್ಚು

ಕಿಮೊ, ರೇಡಿಯೇಷನ್, ಡಯಾಲಿಸಿಸ್‌ಗಳಲ್ಲಿ ಸದ್ದಿಲ್ಲದೆ ಮನೆ ಬರಿದಾಗುವುದು ಓಡಾಟದಿಂದ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರು. ಬಾಡಿಗೆ ಕಾರಿನಲ್ಲಿ ಆರು ಸಲ ಹೋಗಿಬಂದರೆ ಆಗುವ ಖರ್ಚು ಕೆಲವೊಮ್ಮೆ ಔಷಧಿಯದಕ್ಕಿಂತ ಹೆಚ್ಚು.

ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸು ಉಚಿತ. ರೋಗಿ ಗಂಡಸಾಗಿದ್ದರೂ ಜೊತೆಗೆ ಹೋಗುವ ಹೆಂಡತಿಗೋ ಮಗಳಿಗೋ ಟಿಕೆಟ್ ಬೇಡ. ರಾಜಹಂಸ, ಸ್ಲೀಪರ್‌ಗಳಿಗೂ ಗೋವಾಕ್ಕೆ ಹೋಗುವ ಬಸ್ಸಿಗೂ ಇದು ಅನ್ವಯಿಸದು.

ರೈಲಿನ ರಿಯಾಯಿತಿ ಬಹಳ ಜನರಿಗೆ ಗೊತ್ತೇ ಇಲ್ಲ. ಚಿಕಿತ್ಸೆಗೆ ಅಥವಾ ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ಮೂಲ ದರ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ ಅದೇ ದರ್ಜೆಯಲ್ಲಿ ಶೇ. 75. ಹೃದಯ ಶಸ್ತ್ರಚಿಕಿತ್ಸೆ, ಕಿಡ್ನಿ ಕಸಿ ಅಥವಾ ಡಯಾಲಿಸಿಸ್, ಥಲಸ್ಸೀಮಿಯಾ ರೋಗಿಗಳಿಗೂ ಅವರ ಜೊತೆಗಾರರಿಗೂ ಸ್ಲೀಪರ್, ಮೂರನೇ ಎಸಿಯಲ್ಲಿ ಶೇ. 75. ನಿಗದಿತ ನಮೂನೆಯನ್ನು ಚಿಕಿತ್ಸೆ ಕೊಡುವ ಆಸ್ಪತ್ರೆಯ ವೈದ್ಯರು ಭರ್ತಿ ಮಾಡಿ ಸಹಿ, ಮೊಹರು ಹಾಕಬೇಕು, ಹೊರಡುವ ಮತ್ತು ತಲುಪುವ ನಿಲ್ದಾಣಗಳ ಹೆಸರು ಅದರಲ್ಲಿರಬೇಕು. ಟಿಕೆಟನ್ನು ನಿಲ್ದಾಣದ ಮುಂಗಡ ಕೌಂಟರಿನಲ್ಲೇ ತೆಗೆಯಬೇಕು. ತತ್ಕಾಲ್‌ಗೆ ರಿಯಾಯಿತಿ ಇಲ್ಲ. ಮುಂಬಯಿಯ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವ ಕರಾವಳಿಯವರಿಗೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಲ್ಲೆಡೆ ಕೊಂಕಣ ರೈಲ್ವೆಯ ನಿಲ್ದಾಣವಿದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವ ಸಿದ್ದಾಪುರ, ಶಿರಸಿಯವರಿಗೆ ತಾಳಗುಪ್ಪ ಅನುಕೂಲ. ಡಿಸ್ಚಾರ್ಜ್ ದಿನವೇ ಮುಂದಿನ ಸಲದ ನಮೂನೆಗೆ ಸಹಿ ಮಾಡಿಸಿಕೊಂಡು ಬನ್ನಿ, ಸಹಿಗೆಂದೇ ಇನ್ನೊಮ್ಮೆ ಹೋಗುವುದು ತಪ್ಪುತ್ತದೆ.

ವೈದ್ಯರಿಗೆ ಒಂದು ಪ್ರಶ್ನೆ ತಪ್ಪದೆ ಕೇಳಿ: ಮೊದಲ ಸುತ್ತಿನ ನಂತರ ಉಳಿದ ಕಿಮೊ ಸುತ್ತುಗಳನ್ನೋ ರಕ್ತಪರೀಕ್ಷೆಯನ್ನೋ ಊರಿನ ಹತ್ತಿರ ಮಾಡಿಸಬಹುದೇ? ಎಷ್ಟೋ ಸಲ ಆಗುತ್ತದೆ, ಆದರೆ ಯಾರೂ ತಾವಾಗಿ ಹೇಳುವುದಿಲ್ಲ.

ತಾಲ್ಲೂಕು ಆಸ್ಪತ್ರೆಗಳ ಡಯಾಲಿಸಿಸ್ ಘಟಕದಲ್ಲಿ ಬಿಪಿಎಲ್ ರೋಗಿಗಳಿಗೆ ಸೇವೆ ಉಚಿತ. ಮಳೆಗಾಲಕ್ಕೆ ಮಾತ್ರ ಮುಂಚಿತವಾಗಿ ಯೋಚಿಸಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದ್ದನ್ನು ಈ ಜಿಲ್ಲೆ ಮರೆಯಲಾರದು. ವಾರಕ್ಕೆ ಎರಡು-ಮೂರು ಸಲ ಡಯಾಲಿಸಿಸ್ ಆಗಲೇಬೇಕಾದವರಿಗೆ ರಸ್ತೆ ಮುಚ್ಚಿದರೆ ಪ್ರಾಣಕ್ಕೇ ಕುತ್ತು. ಮೇ ತಿಂಗಳಲ್ಲೇ ಘಟಕದ ಸಿಬ್ಬಂದಿಯ ಬಳಿ ಮಾತಾಡಿ, ಘಟ್ಟವೋ ಹೊಳೆಯೋ ಅಡ್ಡಬಂದರೆ ಯಾವ ತಾಲ್ಲೂಕಿನ ಘಟಕಕ್ಕೆ ಹೋಗಬಹುದೆಂದು ಗೊತ್ತುಮಾಡಿ, ಇತ್ತೀಚಿನ ಡಯಾಲಿಸಿಸ್ ಚೀಟಿ ಮತ್ತು ಎಚ್‌ಐವಿ, ಹೆಪಟೈಟಿಸ್ ಬಿ, ಸಿ ವರದಿಗಳನ್ನು ಕೈಯಲ್ಲಿಟ್ಟುಕೊಳ್ಳಿ. ಆ ವರದಿ ಇಲ್ಲದೆ ಬೇರೆ ಘಟಕ ಯಂತ್ರಕ್ಕೆ ಹಾಕಿಕೊಳ್ಳುವುದಿಲ್ಲ.

ತಿಂಗಳು ತಿಂಗಳು ಬರುವಂಥದ್ದು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಿವೆ. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ಥಲಸ್ಸೀಮಿಯಾ ಅದರಲ್ಲಿ ಸೇರಿವೆ. ಕ್ಯಾನ್ಸರ್ ಮತ್ತು ಕಿಡ್ನಿ ವೈಫಲ್ಯ ಸೇರಿಲ್ಲ. ಆದರೆ ಕ್ಯಾನ್ಸರಿನಿಂದ ಕಾಲು ತೆಗೆದಿದ್ದರೆ, ಪಾರ್ಶ್ವವಾಯುವಿನಿಂದ ಕೈಕಾಲು ಬಿದ್ದಿದ್ದರೆ ಅಂಗವೈಕಲ್ಯ ಶೇಕಡಾ ಎಷ್ಟೆಂದು ಅಳೆದು ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಕೊಡುತ್ತಾರೆ. ಶೇ. 40 ದಾಟಿದ ಅರ್ಹರಿಗೆ ತಿಂಗಳಿಗೆ 800 ರೂಪಾಯಿ, ಶೇ. 75 ದಾಟಿದರೆ 1,400 ರೂಪಾಯಿ ಮಾಸಾಶನ. ಅರ್ಜಿ ನಾಡಕಚೇರಿಯಲ್ಲಿ. ಯುಡಿಐಡಿ ಅರ್ಜಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಸಹಾಯ ಮಾಡುತ್ತಾರೆ. ಯಾವ ದಿನ ಯಾವ ತಜ್ಞರು ಕೂರುತ್ತಾರೆಂದು ಅವರಿಂದ ತಿಳಿದೇ ಹಾಸಿಗೆ ಹಿಡಿದವರನ್ನು ಹೊರಡಿಸಿ.

ನೋಡಿಕೊಳ್ಳುವವರಿಗೆಂದೇ ಇರುವ ನೆರವು ತೀರಾ ಕಡಿಮೆ. 2024-25ರ ರಾಜ್ಯ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಲಾಯಿತು. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬೇಕು. ಕ್ಷಯ ರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಬರುತ್ತಿದ್ದ 500 ರೂಪಾಯಿ 2024ರ ನವೆಂಬರಿನಿಂದ 1,000 ಆಗಿದೆ. ಈ ಹಣವೆಲ್ಲ ಆಧಾರ್ ಜೋಡಿಸಿದ ಖಾತೆಗೇ ಬರುತ್ತದೆ. ‘ಮಂಜೂರಾಗಿದೆ, ಹಣ ಬಂದಿಲ್ಲ’ ಎನ್ನುವ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಬೇರೆ ಬ್ಯಾಂಕಿನ ಖಾತೆಗೆ ಆಗಿರುವ ಹಳೆಯ ಜೋಡಣೆ.

ಸಂಬಳದವರ ವಿಷಯ ಚುಟುಕಾಗಿ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದರೆ ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನ ಸಂಬಳದ ಶೇ. 70. ಕ್ಯಾನ್ಸರ್, ಕ್ಷಯದಂಥ 34 ದೀರ್ಘ ಕಾಯಿಲೆಗಳಿಗೆ, ಎರಡು ವರ್ಷದ ಸೇವೆ ಆಗಿದ್ದರೆ, ಶೇ. 80ರಂತೆ ಎರಡು ವರ್ಷದವರೆಗೂ ಸಿಗಬಹುದು. ರಾಜೀನಾಮೆ ಕೊಟ್ಟ ಮೇಲೆ ಇದು ಕೈತಪ್ಪಬಹುದು, ಆದ್ದರಿಂದ ಕಾಯಿಲೆ ಬಂತೆಂದು ಅವಸರದಲ್ಲಿ ಕೆಲಸ ಬಿಡಬೇಡಿ. ಕಾಯಿಲೆಗೆಂದು ಪಿಎಫ್‌ನಿಂದ ಮುಂಗಡ ತೆಗೆಯಲು ಅವಕಾಶವಿದೆ. ಖಾಸಗಿ ವಿಮೆಯವರು ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರಿಗೆ. ವಕೀಲರೂ ಬೇಡ, ಶುಲ್ಕವೂ ಇಲ್ಲ.

ಮನೆಗೆ ಬಂದ ಮೇಲೆ

ಇನ್ನು ಗುಣವಾಗದು ಎಂದು ವೈದ್ಯರು ಹೇಳಿದ ಮೇಲೂ ನೋವು ಸಹಿಸುತ್ತ ಮಲಗಬೇಕಾಗಿಲ್ಲ. ಕ್ಯಾನ್ಸರಿನ ತೀವ್ರ ನೋವಿಗೆ ಮಾರ್ಫಿನ್ ಮಾತ್ರೆ ಇದೆ. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿಯಾದ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಕೊಡುವುದು ಸುಲಭವಾಗಿದೆ. ಚಟವಾದೀತೆಂಬ ಭಯದಿಂದ ಮನೆಯವರೇ ಮಾತ್ರೆ ತಪ್ಪಿಸುವುದುಂಟು. ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ಕೊಟ್ಟರೆ ನೋವು ಹತೋಟಿಯಲ್ಲಿರುತ್ತದೆ. ಮಲಬದ್ಧತೆ ಆಗಿಯೇ ಆಗುತ್ತದೆ, ಅದಕ್ಕೂ ಔಷಧಿ ಅಂದೇ ಬರೆಸಿಕೊಳ್ಳಬೇಕು. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳ ಆರೈಕೆ ಪೂರ್ತಿ ಉಚಿತ.

ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಏರ್‌ಬೆಡ್ ಹಾಕಿದರೂ ಇದು ತಪ್ಪದು. ಹಿಮ್ಮಡಿ, ಸೊಂಟದ ಕೆಳಗಿನ ಮೂಳೆಯ ಜಾಗ ಕೆಂಪಾಗಿ, ಒತ್ತಿದರೂ ಬೆಳ್ಳಗಾಗದಿದ್ದರೆ ಹುಣ್ಣು ಶುರುವಾಯಿತೆಂದೇ ಲೆಕ್ಕ, ಅಂದೇ ಆಶಾ ಕಾರ್ಯಕರ್ತೆಗೋ ನರ್ಸಿಗೋ ತೋರಿಸಿ. ರಾತ್ರಿಯ ಪಾಳಿ ಒಬ್ಬರ ಮೇಲೇ ಬಿದ್ದರೆ ಆ ಒಬ್ಬರು ವಾರದಲ್ಲಿ ಕುಸಿಯುತ್ತಾರೆ. ನೆಂಟರು ‘ಏನಾದರೂ ಬೇಕಾದರೆ ಹೇಳಿ’ ಎಂದಾಗ ಸಂಕೋಚಪಡದೆ ಒಂದು ರಾತ್ರಿ ಕೇಳಿ. ನಿದ್ದೆಯಿಲ್ಲದೆ, ಅಳು ನಿಲ್ಲದೆ ಇದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಉಚಿತ. ಕನ್ನಡದಲ್ಲೇ ಮಾತಾಡುತ್ತಾರೆ.

ಸಹಿ ಮಾಡಲಾಗದ ರೋಗಿಯ ಖಾತೆಯಿಂದ ಹಣ ತೆಗೆಯುವುದು ಇನ್ನೊಂದು ಕಗ್ಗಂಟು. ಎಟಿಎಂ ಪಿನ್ ಬಳಸಿಕೊಂಡು ತೆಗೆಯುತ್ತ ಹೋದವರು ಮುಂದೆ ಅಣ್ಣತಮ್ಮಂದಿರ ನಡುವಿನ ತಕರಾರಿಗೆ ಸಿಕ್ಕುತ್ತಾರೆ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಇದಕ್ಕೆ ದಾರಿ ಇದೆ: ರೋಗಿಯ ಕೈಹೆಬ್ಬೆರಳಿನ ಅಥವಾ ಕಾಲ್ಬೆರಳಿನ ಗುರುತು ಸಾಕು, ಅದನ್ನು ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ದೃಢಪಡಿಸಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಬ್ಯಾಂಕಿಗೆ ಬರಲಾಗದವರ ಮನೆಗೆ ಅಧಿಕಾರಿ ಬರುವಂತೆ ವೈದ್ಯರ ಪತ್ರದೊಂದಿಗೆ ಶಾಖೆಯ ಮ್ಯಾನೇಜರಿಗೆ ಬರಹದಲ್ಲಿ ಕೇಳಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಪಿಂಚಣಿದಾರರ ಜೀವಿತ ಪ್ರಮಾಣಪತ್ರವನ್ನು ಪೋಸ್ಟ್‌ಮನ್ ಮನೆಗೆ ಬಂದು ಮಾಡಿಕೊಡುತ್ತಾರೆ. ನವೆಂಬರ್ ಆರಂಭದಲ್ಲೇ ಅಂಚೆ ಕಚೇರಿಗೆ ಹೇಳಿಟ್ಟರೆ ಡಿಸೆಂಬರಿನ ಪಿಂಚಣಿ ನಿಲ್ಲುವುದಿಲ್ಲ.